ಜರ್ಮನಿಗೆ ಹೊಸಬರೇ? ಸಿಮ್, ಮನೆ ಇಂಟರ್ನೆಟ್ ಮತ್ತು ಕರೆಗಂಟೆಯ ಮೇಲಿನ ಹೆಸರು

ಊರಲ್ಲಿ ಆಧಾರ್ ಕೊಟ್ಟು ಬೆರಳಿಟ್ಟರೆ ಹತ್ತು ನಿಮಿಷಕ್ಕೆ ಸಿಮ್ ಚಾಲೂ. ಫೈಬರ್‌ನವರಿಗೆ ಫೋನ್ ಮಾಡಿದರೆ ಒಂದೆರಡು ದಿನದಲ್ಲಿ ಹುಡುಗರು ಬಂದು ವೈರ್ ಎಳೆದು ಹೋಗುತ್ತಾರೆ. ಜರ್ಮನಿಯಲ್ಲಿ ಸಿಮ್ ಒಂದು ದಿನದ ಕೆಲಸ, ಮನೆ ಇಂಟರ್ನೆಟ್ ನಾಲ್ಕರಿಂದ ಆರು ವಾರದ ಕೆಲಸ ಎಂದು ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಅದಕ್ಕಿಂತ ತಡವಾಯಿತು ಅಂದರೆ ಹೆಚ್ಚಾಗಿ ಹೆಸರು, ವಿಳಾಸ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ ಎಂದೇ ಅರ್ಥ. ಕೆಳಗೆ ಬರೆದಿರುವುದರಲ್ಲಿ ಅರ್ಧ ಇದೇ ಮಾತು.

ಹೊರಡುವ ಮೊದಲು ಎರಡು ಕೆಲಸ

ಊರಿನ ನಂಬರ್ ಕೈಬಿಡಬೇಡಿ. ಬ್ಯಾಂಕಿನ ಓಟಿಪಿ, ಆಧಾರ್, ತೆರಿಗೆ ಪೋರ್ಟಲ್ ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. 2023ರಲ್ಲಿ ಅನಿವಾಸಿ ಖಾತೆಗಳಿಗೆ ವಿದೇಶಿ ನಂಬರಿನಿಂದಲೇ ಯುಪಿಐ ಬಳಸಲು 10 ದೇಶಗಳಿಗೆ ಅವಕಾಶ ಕೊಟ್ಟಾಗ ಆ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ಭಾರತದಲ್ಲಿ ಇರುವಾಗಲೇ ಕಂಪನಿಯ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಇಲ್ಲಿಗೆ ಬಂದ ಮೇಲೆ ಅದನ್ನು ಆನ್ ಮಾಡಲು ಅದೇ ನಂಬರಿಗೆ ಓಟಿಪಿ ಬರಬೇಕು, ರೋಮಿಂಗ್ ಇಲ್ಲದೆ ಅದು ಬರುವುದಿಲ್ಲ. ರೋಮಿಂಗ್‌ನಲ್ಲಿ ಬರುವ ಎಸ್‌ಎಮ್‌ಎಸ್‌ಗೆ ಸಾಮಾನ್ಯವಾಗಿ ದುಡ್ಡು ಬೀಳುವುದಿಲ್ಲ. ಕರೆ ಎತ್ತಿದರೆ ಬೀಳುತ್ತದೆ, ಡೇಟಾ ಆನ್ ಇದ್ದರಂತೂ ಕೇಳಲೇಬೇಡಿ. ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿ, ವ್ಯಾಲಿಡಿಟಿ ಮುಗಿಯುವ ಮೊದಲು ಸಣ್ಣ ರೀಚಾರ್ಜ್ ಹಾಕುತ್ತಿರಿ. ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ಬೇರೆಯವರ ಪಾಲಾಗುತ್ತದೆ.

ಇನ್ನೊಂದು ಕೆಲಸ ಫೋನಿನ ಬ್ಯಾಂಡ್, ಅಂದರೆ ಅದು ಯಾವ ಯಾವ ತರಂಗ ಹಿಡಿಯುತ್ತದೆ ಎಂದು, ನೋಡುವುದು. ಇಲ್ಲಿ 3ಜಿ 2021ರಲ್ಲೇ ನಿಂತುಹೋಯಿತು. ಹಳ್ಳಿ, ಹೈವೇ, ರೈಲುಮಾರ್ಗಗಳಲ್ಲಿ 4ಜಿ ಹೆಚ್ಚಾಗಿ ನಿಂತಿರುವುದು 800 ಮೆಗಾಹರ್ಟ್ಸ್‌ನ ಬ್ಯಾಂಡ್ 20ರ ಮೇಲೆ. ಭಾರತದ ಕಂಪನಿಗಳಿಗೆ ಅದು ಬೇಡವಾದ್ದರಿಂದ ಅಲ್ಲಿ ಮಾರುವ ಕೆಲವು ಮಾಡೆಲ್‌ಗಳಲ್ಲಿ ಅದೇ ಇರುವುದಿಲ್ಲ. ಹೊಸ ಫೋನ್ ಕೊಂಡು ಬರುವವರು ಬ್ಯಾಂಡ್ 20 ಮತ್ತು 28 ಇವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪೇಟೆಯಲ್ಲಿ ಎಲ್ಲ ಸರಿ, ಊರು ದಾಟಿದ ಕೂಡಲೇ ಸಿಗ್ನಲ್ ಕಡ್ಡಿ ಮಾಯ.

ಮೊದಲ ಸಿಮ್: ಪ್ರೀಪೇಯ್ಡ್, ಬೇರೇನೂ ಬೇಡ

ಸ್ವಂತ ದೊಡ್ಡ ನೆಟ್‌ವರ್ಕ್ ಇರುವುದು ಮೂರು ಕಂಪನಿಗಳಿಗೆ: ಡಾಯ್ಚ ಟೆಲೆಕೋಮ್, ವೊಡಾಫೋನ್, ಓ2. ನಾಲ್ಕನೆಯದಾದ ಐನ್ಸ್ ಉಂಡ್ ಐನ್ಸ್ ತನ್ನ ಟವರ್‌ಗಳನ್ನು ಇನ್ನೂ ಕಟ್ಟುತ್ತಿದೆ. ಉಳಿದ ನೂರಾರು ಹೆಸರುಗಳೆಲ್ಲ ಇವರ ನೆಟ್‌ವರ್ಕನ್ನೇ ಬಾಡಿಗೆಗೆ ಪಡೆದವು. ಆಲ್ಡಿ ಅಂಗಡಿಯ ಆಲ್ಡಿ ಟಾಕ್ ಓಡುವುದು ಓ2 ಮೇಲೆ, ಲಿಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಟೆಲೆಕೋಮ್ ಮೇಲೆ. ದೊಡ್ಡ ನಗರದಲ್ಲೇ ಇರುವವರಿಗೆ ಯಾವುದಾದರೂ ನಡೆಯುತ್ತದೆ. ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಬಂದವರು, ದಿನಾ ರೈಲಿನಲ್ಲಿ ಓಡಾಡುವವರು ಎರಡು ಯೂರೋ ಜಾಸ್ತಿಯಾದರೂ ಟೆಲೆಕೋಮ್ ನೆಟ್‌ವರ್ಕಿನ ಬ್ರ್ಯಾಂಡ್ ಹಿಡಿಯುವುದು ಒಳ್ಳೆಯದು.

ಸೂಪರ್‌ಮಾರ್ಕೆಟ್ ಕೌಂಟರ್‌ನಲ್ಲಿ 10 ಯೂರೋ ಆಸುಪಾಸಿಗೆ ಸ್ಟಾರ್ಟರ್ ಸೆಟ್ ಸಿಗುತ್ತದೆ. ಸಾಧಾರಣ ಡೇಟಾ ಪ್ಯಾಕಿಗೆ 8ರಿಂದ 15 ಯೂರೋ ಇಟ್ಟುಕೊಳ್ಳಿ. ಇದು ತಿಂಗಳ ಲೆಕ್ಕವಲ್ಲ, 4 ವಾರದ ಲೆಕ್ಕ. ವರ್ಷಕ್ಕೆ 13 ಸಲ ಕಟ್ಟುತ್ತೀರಿ. ಪ್ರೀಪೇಯ್ಡ್‌ಗೆ ಬ್ಯಾಂಕ್ ಖಾತೆ ಬೇಡ, ಶೂಫಾ ಎಂಬ ಸಾಲದ ದಾಖಲೆಯೂ ಬೇಡ.

ಆದರೆ ಸಿಮ್ ಕೊಂಡ ಕೂಡಲೇ ಓಡುವುದಿಲ್ಲ. 2017ರ ಜುಲೈನಿಂದ ಗುರುತು ಪರಿಶೀಲನೆ ಆಗದೆ ಯಾವ ಪ್ರೀಪೇಯ್ಡ್ ಸಿಮ್ಮನ್ನೂ ಚಾಲೂ ಮಾಡುವಂತಿಲ್ಲ. ಎರಡು ದಾರಿಗಳಿವೆ. ಮೊದಲನೆಯದು ವಿಡಿಯೊ ಇಡೆಂಟ್: ವಿಡಿಯೊ ಕರೆಯಲ್ಲಿ ಆ ಕಡೆಯವರು ಪಾಸ್‌ಪೋರ್ಟನ್ನು ಓರೆಯಾಗಿ ಹಿಡಿಯಲು ಹೇಳಿ ಹೊಳೆಯುವ ಮುದ್ರೆಗಳನ್ನು ನೋಡುತ್ತಾರೆ. ಇದು ಕೆಡುವುದು ಹೆಚ್ಚಾಗಿ ಬೆಳಕಿನ ದೆಸೆಯಿಂದ: ಟ್ಯೂಬ್‌ಲೈಟ್ ಕೆಳಗೆ ಕೂತರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಳಪು ಬಿದ್ದು ಅಕ್ಷರವೇ ಕಾಣುವುದಿಲ್ಲ. ಹಗಲು ಹೊತ್ತು ಕಿಟಕಿಗೆ ಮುಖ ಮಾಡಿ, ಗಟ್ಟಿ ವೈಫೈ ಇರುವ ಕಡೆ ಕೂತುಕೊಳ್ಳಿ. ಮಧ್ಯೆ ಒಂದು ಕೋಡ್ ಕಳಿಸುತ್ತಾರೆ, ಊರಿನ ನಂಬರ್ ಕೆಲಸಕ್ಕೆ ಬರುವುದು ಇಲ್ಲೇ. ಎರಡನೆಯದು ಪೋಸ್ಟ್‌ಇಡೆಂಟ್: ಕೂಪನ್ ಮುದ್ರಿಸಿಕೊಂಡು ಪಾಸ್‌ಪೋರ್ಟ್ ಹಿಡಿದು ಅಂಚೆ ಕೌಂಟರ್‌ಗೆ ಹೋಗುವುದು. ನಿಧಾನ, ಆದರೆ ವಿಡಿಯೊ ಎರಡು ಸಲ ಕೈಕೊಟ್ಟರೆ ಮೂರನೇ ಸಲ ಒದ್ದಾಡದೆ ಅಂಚೆ ಕಚೇರಿಗೇ ಹೋಗಿ.

ಒಂದು ಎಚ್ಚರಿಕೆ. ಸಿಮ್ ಇಲ್ಲದ ಫೋನಿನಿಂದ ಜರ್ಮನಿಯಲ್ಲಿ 112ಕ್ಕೆ ಕರೆ ಹೋಗುವುದಿಲ್ಲ. 2009ರಿಂದ ಇಲ್ಲಿ ಆ ಸೌಲಭ್ಯ ನಿಲ್ಲಿಸಿದ್ದಾರೆ. ಹಳೇ ಫೋನನ್ನು ಬರಿದೇ ಮಕ್ಕಳ ಕೈಗೆ ಕೊಟ್ಟು ಕಳಿಸುವವರಿಗೆ ಇದು ಗೊತ್ತಿರಬೇಕು.

ಸರ್‌ನೇಮ್ ಇಲ್ಲದವರ ಪಾಡು

ನಮ್ಮಲ್ಲಿ ಬಹಳ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ. ಮಂಜುನಾಥ ಬಸಪ್ಪ ಎಂದು ಎರಡೂ ಹೆಸರು ಗಿವನ್ ನೇಮ್ ಸಾಲಿನಲ್ಲೇ ಕೂತಿರುತ್ತವೆ, ಅಥವಾ ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆದಿರುತ್ತದೆ. ಇಲ್ಲಿನ ಯಾವ ಫಾರ್ಮೂ ನಾಖ್‌ನಾಮೆ, ಅಂದರೆ ಮನೆತನದ ಹೆಸರಿನ ಖಾನೆ ಖಾಲಿ ಬಿಡಲು ಒಪ್ಪುವುದಿಲ್ಲ. ಸಿಮ್‌ಗೆ ಒಂದು ಥರ, ಬ್ಯಾಂಕಿಗೆ ಒಂದು ಥರ ತುಂಬಿದರೆ ಮುಂದೆ ನಂಬರ್ ಪೋರ್ಟ್ ಮಾಡುವಾಗ ತಿರಸ್ಕಾರವಾಗಿ ಬರುತ್ತದೆ, ಏಕೆಂದರೆ ಹಳೇ ಕಂಪನಿ ಮತ್ತು ಹೊಸ ಕಂಪನಿಯಲ್ಲಿ ಹೆಸರು, ಹುಟ್ಟಿದ ದಿನ ತಾಳೆಯಾಗಲೇಬೇಕು.

ಮನೆಗೆ ಹೋದ ಎರಡು ವಾರದೊಳಗೆ ಅನ್‌ಮೆಲ್ಡುಂಗ್, ಅಂದರೆ ಸರ್ಕಾರಿ ಕಚೇರಿಯಲ್ಲಿ ವಿಳಾಸದ ನೋಂದಣಿ, ಮಾಡಿಸುತ್ತೀರಲ್ಲ, ಆಗ ಕೊಡುವ ಕಾಗದದಲ್ಲಿ ಹೆಸರು ಹೇಗೆ ಮುದ್ರಣವಾಗಿದೆಯೋ ಅದನ್ನೇ ಮುಂದೆ ಎಲ್ಲ ಕಡೆ ಅಕ್ಷರ ತಪ್ಪದೆ ಬಳಸಿ. ಅದಕ್ಕೂ ಮೊದಲು ತಗೊಂಡ ಪ್ರೀಪೇಯ್ಡ್ ಸಿಮ್‌ನ ಹೆಸರು, ವಿಳಾಸವನ್ನು ಆಮೇಲೆ ತಿದ್ದಿಸಿ. ನಂಬರ್ ಪೋರ್ಟ್ ಮಾಡಲು 2021ರ ಡಿಸೆಂಬರ್‌ನಿಂದ ಶುಲ್ಕವಿಲ್ಲ. ಆದ್ದರಿಂದ ಮೊದಲ ದಿನದ ಅಗ್ಗದ ಸಿಮ್‌ನ ನಂಬರನ್ನೇ ಕೊನೆತನಕ ಇಟ್ಟುಕೊಳ್ಳಬಹುದು.

24 ತಿಂಗಳ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ

ಅನ್‌ಮೆಲ್ಡುಂಗ್ ಮತ್ತು ಬ್ಯಾಂಕ್ ಖಾತೆ ಎರಡೂ ಆಗುವವರೆಗೆ ಒಪ್ಪಂದದ ಗೊಡವೆ ಬೇಡ. ಹೊಸಬರಿಗೆ ಶೂಫಾ ಚರಿತ್ರೆಯೇ ಇರದ ಕಾರಣ ಕೆಲವು ಕಂಪನಿಗಳು ಅರ್ಜಿ ತಳ್ಳಿಹಾಕುತ್ತವೆ, ಕೆಲವು ಕಂಪನಿಗಳು ಠೇವಣಿ ಕೇಳುತ್ತವೆ.

ದರ ನೋಡುವಾಗ ದೊಡ್ಡಕ್ಷರದಲ್ಲಿ ಬರೆದ ಮೊದಲ ಆರು ತಿಂಗಳ ಬೆಲೆ ಮರೆತುಬಿಡಿ. ಮೊದಲ 6 ತಿಂಗಳು 20 ಯೂರೋ, ಆಮೇಲೆ 45 ಯೂರೋ ಅಂದರೆ 24 ತಿಂಗಳಿಗೆ ಒಟ್ಟು 930 ಯೂರೋ, ತಿಂಗಳಿಗೆ ಸರಾಸರಿ 38.75. ಅದರ ಮೇಲೆ ಸಂಪರ್ಕ ಶುಲ್ಕ ಒಂದಾವರ್ತಿ, ರೌಟರ್ ಬಾಡಿಗೆ ತಿಂಗಳು ತಿಂಗಳು. ಚೆಕ್24, ವೆರಿವಾಕ್ಸ್ ಎಂಬ ದರ ಹೋಲಿಸುವ ತಾಣಗಳು ಈ ಸರಾಸರಿ ತೋರಿಸುತ್ತವೆ. ಆದರೆ ಅದರೊಳಗೆ ಕ್ಯಾಶ್‌ಬ್ಯಾಕ್ ಸೇರಿಸಿದ್ದಾರೆಯೇ ನೋಡಿ, ಅದು ತಿಂಗಳುಗಳ ನಂತರ ಬರುವ ದುಡ್ಡು. ರೌಟರ್ ಕಂಪನಿಯದ್ದೇ ಆಗಬೇಕೆಂದಿಲ್ಲ, 2016ರಿಂದ ಸ್ವಂತದ್ದು ಬಳಸುವ ಹಕ್ಕಿದೆ. ಎರಡು ವರ್ಷ ಇರುವುದು ಖಚಿತವಿದ್ದರೆ ಸೆಕೆಂಡ್‌ಹ್ಯಾಂಡ್ ಫ್ರಿಟ್ಸ್‌ಬಾಕ್ಸ್ ರೌಟರ್ ಕೊಂಡರೆ ಲಾಭ.

ಮೊದಲ ಅವಧಿ 24 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿದರೂ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಹಿಂದೆ ಇಡೀ ವರ್ಷ ಸಿಕ್ಕಿಕೊಳ್ಳುತ್ತಿದ್ದರು. ಆ ಕಥೆ ಹೇಳುವವರು ಈಗಲೂ ಸಿಗುತ್ತಾರೆ, ಅದು ಹಳೇ ಕಾನೂನು. ಆನ್‌ಲೈನ್, ಫೋನ್, ಮನೆಬಾಗಿಲಲ್ಲಿ ಮಾಡಿದ ಒಪ್ಪಂದವನ್ನು 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಅಂಗಡಿಯೊಳಗೆ ಕೂತು ಸಹಿ ಹಾಕಿದರೆ ಈ ಹಕ್ಕಿಲ್ಲ, ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳಿ, ಮನೆಗೆ ಬಂದು ಆನ್‌ಲೈನ್‌ನಲ್ಲಿ ತಗೊಳ್ಳಿ. ಮೊಬೈಲ್ ಯಾವುದೇ ಇರಲಿ, ಡ್ರಿಟ್‌ಅನ್‌ಬೀಟರ್‌ಶ್ಪೆರ ಹಾಕಿಸಿ: ಯಾವುದೋ ಜಾಹೀರಾತು ಮುಟ್ಟಿದ್ದಕ್ಕೆ ಮೂರನೆಯವರು ನಿಮ್ಮ ಬಿಲ್ಲಿನಲ್ಲಿ ದುಡ್ಡು ಎಳೆಯದ ಹಾಗೆ ಇದು ತಡೆಯುತ್ತದೆ, ಪುಕ್ಕಟೆ.

ಬಾಸೆಲ್ ಗಡಿ, ಕಾನ್‌ಸ್ಟಾನ್ಸ್ ಕಡೆ ಇರುವವರು ನೆಟ್‌ವರ್ಕ್ ಆಯ್ಕೆಯನ್ನು ಕೈಯಾರೆ ಹೊಂದಿಸಿಕೊಳ್ಳಿ. ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್ ಸ್ವಿಟ್ಜರ್‌ಲೆಂಡ್‌ಗೆ ಕಡ್ಡಾಯವಲ್ಲ, ಫೋನ್ ಮಾತ್ರ ಆ ದಡದ ಟವರನ್ನು ಸಂತೋಷವಾಗಿ ಹಿಡಿಯುತ್ತದೆ.

ಮನೆ ಇಂಟರ್ನೆಟ್: ಗೋಡೆ ನೋಡಿ ಆರ್ಡರ್ ಮಾಡಿ

ಮನೆ ನೋಡಲು ಹೋದಾಗಲೇ ಗೋಡೆಯ ಸಾಕೆಟ್ ಫೋಟೊ ತೆಗೆದುಕೊಳ್ಳಿ. ಮೂರು ಸೀಳುಗಳಿದ್ದು ಎನ್, ಎಫ್, ಎನ್ ಎಂದು ಬರೆದಿದ್ದರೆ ಅದು ಟಿಎಇ ಸಾಕೆಟ್, ಟೆಲಿಫೋನ್ ತಂತಿಯಲ್ಲಿ ಬರುವ ಡಿಎಸ್‌ಎಲ್ ಇಂಟರ್ನೆಟ್‌ನದ್ದು. ರೌಟರ್ ವೈರ್ ಹೋಗಬೇಕಾದ್ದು ನಡುವಿನ ಎಫ್‌ಗೆ. ಮೂರು ಗುಂಡನೆಯ ತೂತುಗಳಿದ್ದು ಒಂದಕ್ಕೆ ತಿರುಪು ಇದ್ದರೆ ಅದು ಕೇಬಲ್, ತಿರುಪಿನದ್ದೇ ಇಂಟರ್ನೆಟ್. ಉಳಿದೆರಡು ಟಿವಿ, ರೇಡಿಯೊ. ಗ್ಲಾಸ್‌ಫಾಸರ್, ಅಂದರೆ ಫೈಬರ್, ಮನೆಯೊಳಗೇ ಬಂದಿದ್ದರೆ ಬೇರೆ ಯೋಚನೆ ಬೇಡ, ಅದನ್ನೇ ಹಿಡಿಯಿರಿ. ಬೀದಿಯಲ್ಲಿ ಫೈಬರ್ ಇದೆ, ಕಟ್ಟಡದೊಳಗೆ ಇಲ್ಲ ಅಂದರೆ ಮಾಲೀಕರ ಒಪ್ಪಿಗೆ, ಅಗೆತ ಎಲ್ಲ ಆಗಬೇಕು. ಅದಕ್ಕೆ ಕಾಯುತ್ತಾ ಕೂರಬೇಡಿ.

ಡಿಎಸ್‌ಎಲ್ 50, 100 ಅಥವಾ 250 ಮೆಗಾಬಿಟ್ ಕೊಡುತ್ತದೆ. ಕೇಬಲ್ 1000 ಎಂದು ಜಾಹೀರಾತು ಹಾಕುತ್ತದೆ, ಆದರೆ ಅಪ್‌ಲೋಡ್ ಬಹಳಷ್ಟು ಕಡೆ 50. ಕೇಬಲನ್ನು ಸುತ್ತಲಿನ ಮನೆಗಳು ಹಂಚಿಕೊಳ್ಳುವುದರಿಂದ ಸಂಜೆ ಎಂಟರ ಮೇಲೆ ಕುಸಿಯುವುದೂ ಉಂಟು. ಊರಿಗೆ ವಿಡಿಯೊ ಕಾಲ್, ಆಫೀಸಿನ ಮೀಟಿಂಗ್ ಇಷ್ಟೇ ಆದರೆ ಡಿಎಸ್‌ಎಲ್ 100 ಧಾರಾಳ ಸಾಕು.

ಡಿಎಸ್‌ಎಲ್ ಯಾರ ಹತ್ತಿರ ತಗೊಂಡರೂ ನೆಲದೊಳಗಿನ ತಾಮ್ರದ ತಂತಿ ಬಹುತೇಕ ಕಡೆ ಟೆಲೆಕೋಮ್‌ನದ್ದು, ಹಾಗಾಗಿ ಬರುವ ಟೆಕ್ನಿಷಿಯನ್ನೂ ಅವರ ಕಡೆಯವರೇ. ಆತನಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ, ಕೈಯಲ್ಲಿ ಒಂದು ಹೆಸರು, ಒಂದು ವಿಳಾಸ ಅಷ್ಟೇ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆ ನಂಬರ್ ಇರುವುದು ಅಪರೂಪ. ಆತ ಕೆಳಬಾಗಿಲಲ್ಲಿ ನಿಂತು ಕರೆಗಂಟೆಗಳ ಸಾಲಿನಲ್ಲಿ ಹೆಸರು ಹುಡುಕುತ್ತಾನೆ. ಅಲ್ಲಿ ಇನ್ನೂ ಹಿಂದಿನ ಬಾಡಿಗೆದಾರರ ಹೆಸರಿದ್ದರೆ ಗ್ರಾಹಕರು ಸಿಗಲಿಲ್ಲ ಎಂದು ಬರೆದು ಹೊರಟುಹೋಗುತ್ತಾನೆ. ಮುಂದಿನ ತಾರೀಕು ಎರಡು ಮೂರು ವಾರದಾಚೆ. ಕೀಲಿ ಸಿಕ್ಕ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಗಂಟೆಗೂ ಅಂಚೆ ಡಬ್ಬಿಗೂ ಟೇಪ್ ಹಾಕಿ ಅಂಟಿಸಿ. ಮಾಲೀಕರು ಹಾಕಿಸುವ ಚಂದದ ಪಟ್ಟಿ ಯಾವಾಗಲಾದರೂ ಬರಲಿ. ರೌಟರ್ ಪೊಟ್ಟಣ, ಪಾಸ್‌ವರ್ಡ್ ಕಾಗದ ಬರುವುದೂ ಈ ಹೆಸರು ನೋಡಿಯೇ.

ಆರ್ಡರ್ ಮಾಡುವಾಗ ಹಿಂದಿನ ಬಾಡಿಗೆದಾರರ ಹೆಸರು, ಮಹಡಿ, ಮೆಟ್ಟಿಲು ಹತ್ತಿ ಬಂದಾಗ ಎಡವೋ ಬಲವೋ, ಮುಂದಿನ ಕಟ್ಟಡವೋ ಅಂಗಳದಾಚೆಯ ಹಿಂಟರ್‌ಹೌಸೋ, ಇಷ್ಟು ಕೊಡಿ. ಸಾಕೆಟ್ ಮೇಲೆ ಹೋಮ್ ಐಡಿ ಚೀಟಿ ಇದ್ದರೆ ಅದನ್ನೂ ಕೊಡಿ. ಹಿಂದಿನವರು ಸಂಪರ್ಕ ಬಿಡದೆ ಹೋಗಿದ್ದರೆ ಲೈನ್ ಖಾಲಿ ಇಲ್ಲ ಎಂಬ ಉತ್ತರ ಬರುತ್ತದೆ. ಆಗ ಅವರ ಹೆಸರಿಲ್ಲದೆ ಯಾರೂ ಏನೂ ಮಾಡಲಾರರು.

ಟೆಕ್ನಿಷಿಯನ್ ಬರುವ ದಿನ ನಾಲ್ಕೈದು ಗಂಟೆಯ ಅವಧಿ ಕೊಟ್ಟಿರುತ್ತಾರೆ. ಆತನಿಗೆ ನಿಮ್ಮ ಮನೆಯಷ್ಟೇ ಕೆಲ್ಲರ್, ಅಂದರೆ ನೆಲಮಾಳಿಗೆಯೂ ಬೇಕು. ಲೈನ್ ಕಟ್ಟಡದೊಳಗೆ ಬರುವ ಪೆಟ್ಟಿಗೆ ಸಾಮಾನ್ಯವಾಗಿ ಅಲ್ಲೇ ಇರುವುದು, ಆ ಕೋಣೆಗೆ ಬೀಗ. ಕೀಲಿ ಯಾರ ಹತ್ತಿರ ಎಂದು ಹೌಸ್‌ಮೈಸ್ಟರ್‌ರನ್ನು, ಅಂದರೆ ಕಟ್ಟಡ ನೋಡಿಕೊಳ್ಳುವವರನ್ನು, ವಾರ ಮುಂಚೆ ಕೇಳಿಟ್ಟುಕೊಳ್ಳಿ.

ಈ ವಾರಗಳಲ್ಲಿ ಮನೆಯಿಂದ ಕೆಲಸ ಮಾಡಬೇಕಾದವರಿಗೆ ದೊಡ್ಡ ಡೇಟಾ ಪ್ಯಾಕಿನ ಪ್ರೀಪೇಯ್ಡ್ ಸಿಮ್, ಫೋನಿನ ಹಾಟ್‌ಸ್ಪಾಟ್ ಸಾಕು. ಇದಕ್ಕೆಂದೇ 24 ತಿಂಗಳ 5ಜಿ ರೌಟರ್ ಒಪ್ಪಂದ ಮಾಡಿಕೊಂಡರೆ ಆಮೇಲೆ ಎರಡಕ್ಕೂ ದುಡ್ಡು ಕಟ್ಟುತ್ತೀರಿ.

ಕೆಟ್ಟರೆ, ಬಿಟ್ಟು ಹೊರಟರೆ

ಸಂಪರ್ಕ ಪೂರ್ತಿ ನಿಂತರೆ ಕೂಡಲೇ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ದೂರು ತಲುಪಿದ ಎರಡು ದಿನದಲ್ಲಿ ಸರಿಯಾಗದಿದ್ದರೆ ಮೂರು, ನಾಲ್ಕನೇ ದಿನಕ್ಕೆ ದಿನಕ್ಕೆ 5 ಯೂರೋ ಅಥವಾ ತಿಂಗಳ ದರದ ಶೇ. 10, ಐದನೇ ದಿನದಿಂದ 10 ಯೂರೋ ಅಥವಾ ಶೇ. 20, ಯಾವುದು ಹೆಚ್ಚೋ ಅದು ನಿಮಗೆ ಸಲ್ಲಬೇಕು. ಟೆಕ್ನಿಷಿಯನ್ ಹೇಳಿದ ದಿನ ಬಾರದಿದ್ದರೂ 10 ಯೂರೋ ಅಥವಾ ಶೇ. 20. ಕೇಳದೆ ಕೊಡುವುದನ್ನು ನಿರೀಕ್ಷಿಸಬೇಡಿ, ಬರವಣಿಗೆಯಲ್ಲಿ ಕೇಳಿ.

ವೇಗ ಕಡಿಮೆ ಎಂದು ವೈಫೈ ಮೇಲೆ ಫೋನಿನಲ್ಲಿ ಅಳೆದು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಬ್ರೈಟ್‌ಬಾಂಡ್‌ಮೆಸ್ಸುಂಗ್ ಎಂಬ ವೇಗ ಅಳೆಯುವ ಆ್ಯಪನ್ನು ಕಂಪ್ಯೂಟರಿಗೆ ಹಾಕಿ, ಲ್ಯಾನ್ ವೈರಿನಲ್ಲಿ ರೌಟರಿಗೆ ಸೇರಿಸಿ, ಮೂರು ಬೇರೆ ಬೇರೆ ದಿನ ಹತ್ತತ್ತರಂತೆ 30 ಅಳತೆ ತೆಗೆಯಿರಿ. ಆ ವರದಿಯಲ್ಲಿ ಕೊರತೆ ಸಾಬೀತಾದರೆ ದರ ಇಳಿಸುವಂತೆ ಕೇಳಬಹುದು, ಇಲ್ಲವೇ ಒಪ್ಪಂದ ಬಿಡಬಹುದು.

ಊರಿಗೆ ವಾಪಸ್ ಹೊರಟವರು, ಬೇರೆ ದೇಶಕ್ಕೆ ಹೋಗುವವರು ಮನೆ ಇಂಟರ್ನೆಟ್ಟನ್ನು ಒಂದು ತಿಂಗಳ ನೋಟಿಸ್ ಕೊಟ್ಟು ಅವಧಿಗೆ ಮುಂಚೆಯೇ ಬಿಡಬಹುದು, ಕಂಪನಿಗೆ ಹೊಸ ವಿಳಾಸದಲ್ಲಿ ಸೇವೆ ಕೊಡಲು ಆಗುವುದಿಲ್ಲವಲ್ಲ. ಅಬ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ ರದ್ದಾದ ಪತ್ರವನ್ನು ಪುರಾವೆಯಾಗಿ ಕೇಳುತ್ತಾರೆ. ಮೊಬೈಲ್ ಒಪ್ಪಂದಕ್ಕೂ ಇದೇ ನಡೆಯುತ್ತದೆ ಎಂದು ನಂಬಿಕೊಳ್ಳಬೇಡಿ. ಬಾಡಿಗೆ ರೌಟರನ್ನು ಪವರ್ ಅಡಾಪ್ಟರ್ ಸಮೇತ ಅಂಚೆಯಲ್ಲಿ ಮರಳಿಸಿ, ಟ್ರ್ಯಾಕಿಂಗ್ ಚೀಟಿಯ ಫೋಟೊ ಇಟ್ಟುಕೊಳ್ಳಿ. ಕೊನೆಯ ಬಿಲ್ ತೀರಿದ ಮೇಲಷ್ಟೇ ಜರ್ಮನ್ ಬ್ಯಾಂಕ್ ಖಾತೆ ಮುಚ್ಚಿ.