ಲೈಬ್ರರಿ ತೋಟ: ಮೊದಲು ಪುಸ್ತಕ, ಆಮೇಲೆ ಗಿಡ

ಲೈಬ್ರರಿ ಅಂಗಳದಲ್ಲಿ ಗಿಡ ಬೆಳೆಸುವುದು ಮನೆ ಮುಂದೆ ಬೆಳೆಸಿದ ಹಾಗಲ್ಲ. ಗೋಡೆಯ ಆಚೆ ಪುಸ್ತಕಗಳಿವೆ. ಗಿಡಕ್ಕೆ ಬೇಕಾದ ತೇವ, ಮಣ್ಣು, ತರಗೆಲೆ ಯಾವುದೂ ಪುಸ್ತಕಕ್ಕೆ ಆಗಿಬರುವುದಿಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೈಸೂರಿನ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ನಾವೊಂದಿಷ್ಟು ಜನ ಭಾನುವಾರ ಬೆಳಿಗ್ಗೆ ತೋಟದ ಕೆಲಸ ಮಾಡುತ್ತೇವೆ. ರಿಟೈರ್ ಆದ ಮೇಷ್ಟ್ರು, ಹೊಲಿಗೆ ಅಂಗಡಿಯ ಅಕ್ಕ, ಕೆಪಿಎಸ್‌ಸಿಗೆ ಓದುವ ಹುಡುಗರು, ಜೊತೆಗೆ ನಾನು.

ಶುರು ಮಾಡಿದಾಗ ನಾವು ಮೊದಲು ಕೀಳಬೇಕಾಯಿತು, ಆಮೇಲೆ ನೆಟ್ಟೆವು. ಗೋಡೆಗೆ ಒತ್ತಿಕೊಂಡು ಒಂದು ಸಾಲು ಕ್ರೋಟನ್ ಇತ್ತು. ಬುಡದ ಮಣ್ಣು ಸರಿಸಿದರೆ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ, ನೇರ ಕಿಟಕಿ ಚೌಕಟ್ಟಿನವರೆಗೆ ಹೋಗಿದೆ. ಕಿಟಕಿಯ ಒಳಗಡೆ ಹಳೇ ಮಾಸಪತ್ರಿಕೆಗಳ ಬೈಂಡು ಇಡುವ ರ‍್ಯಾಕು. ಮೇಷ್ಟ್ರು ಕಡ್ಡಿಯಲ್ಲಿ ಆ ಗೆರೆಯನ್ನು ಒಂದಿಂಚು ಕೆರೆದು, "ನಾಳೆ ನೋಡಿ" ಅಂದರು. ಮರುದಿನ ಕೆರೆದ ಜಾಗ ಹಸಿ ಮಣ್ಣಿನಿಂದ ಮುಚ್ಚಿತ್ತು. ಹಾಗೆ ಮುಚ್ಚಿತು ಅಂದರೆ ಗೆದ್ದಲು ಇನ್ನೂ ಓಡಾಡುತ್ತಿದೆ ಅಂತಲೇ ಅರ್ಥ. ಔಷಧಿ ಹೊಡೆಸುವುದನ್ನು ಗ್ರಂಥಪಾಲಕಿ ಮೇಡಂ ನೋಡಿಕೊಂಡರು. ನಾವು ಗೋಡೆಯಿಂದ ಎರಡು ಅಡಿವರೆಗೆ ಎಲ್ಲವನ್ನೂ ತೆಗೆದು ಜಲ್ಲಿ ಹಾಸಿದೆವು. ಆ ಪಟ್ಟಿಯಲ್ಲಿ ಇವತ್ತಿಗೂ ಗಿಡ ಇಲ್ಲ, ಕುಂಡ ಇಲ್ಲ, ತರಗೆಲೆ ಬೀಳಲೂ ಬಿಡುವುದಿಲ್ಲ. ಗೋಡೆಗೆ ಬಳ್ಳಿ ಹಬ್ಬಿಸಿದರೆ ಚೆಂದ ಅಂತ ಬಹಳ ಜನ ಹೇಳುತ್ತಾರೆ. ಚೆಂದವೇನೋ ಹೌದು, ಆದರೆ ಗೋಡೆ ಒಣಗುವುದಿಲ್ಲ, ಗೆದ್ದಲು ಏರಿದರೂ ಕಾಣುವುದಿಲ್ಲ. ಹಬ್ಬಿಸಲೇಬೇಕು ಅಂದರೆ ಕಾಂಪೌಂಡಿಗೆ ಹಬ್ಬಿಸಿ.

ಮೈಸೂರಿನ ಮಳೆ ಮಲೆನಾಡಿನ ಮಳೆಯಂತಲ್ಲ. ಜೂನ್, ಜುಲೈನಲ್ಲಿ ಬರೀ ಗಾಳಿ, ಜಿಟಿಜಿಟಿ. ಜೋರಾಗಿ ಸುರಿಯುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅದಕ್ಕೇ ಭರಣಿ ಮಳೆಗೆ ಮುಂಚೆ ಒಂದು ಸಲ, ಗಣೇಶನ ಹಬ್ಬದ ಹೊತ್ತಿಗೆ ಇನ್ನೊಂದು ಸಲ ತಾರಸಿ ಹತ್ತುತ್ತೇವೆ. ಹೊಂಗೆ ಮರದ ಎಲೆ ನೀರು ಹೋಗುವ ಪೈಪಿನ ಬಾಯಿಗೆ ಕಟ್ಟಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ತಾರಸಿಯಲ್ಲಿ ನೀರು ನಿಂತು, ಗೋಡೆಯಲ್ಲಿ ಇಳಿದು, ಕಡೆಗೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ತೋಟದವರು ತಾರಸಿ ಯಾಕೆ ಗುಡಿಸಬೇಕು ಅನ್ನಬೇಡಿ. ಎಲೆ ನಮ್ಮ ಮರದ್ದೇ ಅಲ್ವಾ?

ನೆಡುವುದೆಲ್ಲ ಆರಿದ್ರಾ ಮಳೆಯಲ್ಲಿ. ಜಿಟಿಜಿಟಿ ಮಳೆಗೆ ದಾಸವಾಳದ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಹೂವಿಗೆ ಮೊದಲು ದಾಸವಾಳಕ್ಕೆ ಬರುವುದು ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಕುಡಿ ಎಲೆಯ ಹಿಂಭಾಗ ತಿರುಗಿಸಿ ನೋಡಿ, ಬಿಳಿ ಹತ್ತಿ ಅಂಟಿಸಿದ ಹಾಗಿರುತ್ತದೆ. ಆ ಕುಡಿ ಕತ್ತರಿಸಿ ತೋಟದಿಂದ ಹೊರಗೆ ಹಾಕುತ್ತೇವೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸುತ್ತೇವೆ. ಜನ ಕೂತು ಓದುವ ಜಾಗ ಇದು, ಘಾಟು ವಾಸನೆಯ ಔಷಧಿ ಇಲ್ಲಿ ಬೇಡವೇ ಬೇಡ. ಕುಂಡದ ಕೆಳಗಿನ ತಟ್ಟೆಗಳನ್ನೂ ತೆಗೆದುಬಿಟ್ಟಿದ್ದೇವೆ. ಡೆಂಗಿ ಸೊಳ್ಳೆ ನಿಂತ ನೀರಿನಲ್ಲಿ ಒಂದೇ ವಾರದಲ್ಲಿ ಹುಟ್ಟಿಕೊಳ್ಳುತ್ತದೆ.

ಒಂದು ಮೂಲೆಯಲ್ಲಿ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್ ಬೆಳೆಸಿದ್ದೇವೆ. ಇದರ ಎಣ್ಣೆಯನ್ನೇ ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳಿಗೆ ಸವರುತ್ತಾರೆ. ಹುಳ ಬರುವುದಿಲ್ಲ, ಗರಿ ಒಣಗಿ ಮುರಿಯುವುದೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ. ಶಾಲೆ ಮಕ್ಕಳು ಬಂದಾಗ ಹುಲ್ಲಿನ ಒಂದು ಎಳೆ ಕಿತ್ತು ಕೈಯಲ್ಲಿ ಉಜ್ಜಿ ಮೂಸಲು ಕೊಟ್ಟು ಈ ಕಥೆ ಹೇಳುತ್ತೇನೆ. ಆಮೇಲೆ ಮಕ್ಕಳು ಕೇಳುವ ಪ್ರಶ್ನೆಗಳು ಒಂದೆರಡಲ್ಲ!

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರ ಅಂಗಳ ತುಂಬ ಹೂವಿರಬೇಕು ಅನ್ನುವುದು ನಮ್ಮ ಆಸೆ. ಚೆಂಡು ಹೂವಿಗೆ ಬೀಜ ಹಾಕಿದ ಮೇಲೆ ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಅದಕ್ಕೇ ಸೆಪ್ಟೆಂಬರ್ ಮೊದಲ ವಾರ ಒಟ್ಲು (ಸಸಿ ಮಡಿ) ಹಾಕುತ್ತೇವೆ. ಸಸಿ ನಾಟಿ ಮಾಡಿ ಹಿಡಿದ ಮೇಲೆ ತುದಿ ಚಿವುಟಬೇಕು. ಚಿವುಟಲು ಎಲ್ಲರಿಗೂ ಮನಸ್ಸು ಬರುವುದಿಲ್ಲ, ಆದರೆ ಚಿವುಟಿದರೇ ಕವಲು ಒಡೆದು ಹೂ ಜಾಸ್ತಿ ಬರುವುದು.

ಹೂ ಬಂತು ಅಂದರೆ ಕೀಳುವವರೂ ಬಂದರು. ಬೆಳಗಿನ ವಾಕಿಂಗಿನವರು ಪೂಜೆಗೆಂದು ಕವರ್ ತುಂಬ ದಾಸವಾಳ ಕಿತ್ತುಕೊಂಡು ಹೋಗುತ್ತಿದ್ದರು. ಬೋರ್ಡು ಹಾಕಿದರೆ ಜಗಳವೇ ಆಗುತ್ತಿತ್ತು. ಹೊಲಿಗೆ ಅಂಗಡಿ ಅಕ್ಕ ಬೇರೆ ದಾರಿ ಹೇಳಿದರು: "ಗೇಟಿನ ಹತ್ತಿರ ಪಾರಿಜಾತ ಹಾಕೋಣ." ಪಾರಿಜಾತದಲ್ಲಿ ನೆಲಕ್ಕೆ ಬಿದ್ದ ಹೂವನ್ನೇ ಆರಿಸಿ ದೇವರಿಗೆ ಇಡುವುದು ರೂಢಿ. ಮಳೆಗಾಲದ ಕೊನೆಯಿಂದ ಅದು ದಿನಾ ಬೆಳಿಗ್ಗೆ ರಾಶಿ ಉದುರಿಸುತ್ತದೆ. ಈಗ ಹೂವಿಗೆ ಬರುವ ಅಮ್ಮಂದಿರೇ ಗೇಟಿನ ಮುಂದೆ ಗುಡಿಸಿ ಹೋಗುತ್ತಾರೆ. ದಾಸವಾಳವೂ ಮಧ್ಯಾಹ್ನದವರೆಗೆ ಗಿಡದಲ್ಲೇ ಇರುತ್ತದೆ.

ಶಿವರಾತ್ರಿ ಹೊತ್ತಿಗೆ ಹೊಂಗೆ ಎಲೆ ಉದುರುತ್ತದೆ. ಒಂದನ್ನೂ ಸುಡುವುದಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ಕಟ್ಟಡದಿಂದ ದೂರ, ಕೋಳಿ ಜಾಲರಿ ಸುತ್ತಿ ಅದರಲ್ಲಿ ತುಂಬುತ್ತೇವೆ. ನಡುನಡುವೆ ಸಗಣಿ ನೀರು. ಆರಿದ್ರಾ ಬರುವಷ್ಟರಲ್ಲಿ ಕಪ್ಪು ಗೊಬ್ಬರ ಸಿದ್ಧ.

ಬೇಸಿಗೆಯಲ್ಲಿ ನೀರಿನದೇ ಚಿಂತೆ. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮರ, ದಾಸವಾಳಕ್ಕೆ ಹಾಕುತ್ತೇವೆ. ಅದರಲ್ಲಿ ಉಪ್ಪಿನಂಶ ಜಾಸ್ತಿ, ಹಾಗಾಗಿ ಒಂದು ದಿನ ಅದು, ಒಂದು ದಿನ ನಲ್ಲಿ ನೀರು. ಕುಂಡಗಳಿಗೆ ಮಾತ್ರ ಅದನ್ನು ಮುಟ್ಟಿಸುವುದಿಲ್ಲ. ಸೋಮವಾರ ಲೈಬ್ರರಿಗೆ ರಜೆ. ಅವತ್ತು ಎದುರು ಮನೆ ಹುಡುಗ ಗೇಟಿನ ಬೀಗ ತೆಗೆದು ನೀರು ಬಿಡುತ್ತಾನೆ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿ ನೆರಳು ತುಂಬುತ್ತದೆ. ಪರೀಕ್ಷೆಗೆ ಓದುವವರಿಗೆ ಒಳಗೆ ಜಾಗ ಸಾಲುವುದಿಲ್ಲ, ಪುಸ್ತಕ ಹಿಡಿದು ಮರದ ಕೆಳಗೇ ಬಂದು ಕೂರುತ್ತಾರೆ. ಇನ್ನೆರಡು ಕಲ್ಲು ಬೆಂಚು ಹಾಕಿಸಿಕೊಡಿ ಅಂತ ಅರ್ಜಿ ಕೊಟ್ಟಿದ್ದೇವೆ.