ಕಾಫಿ ಲಾಟಿಗೆ ಬ್ಲಾಕ್‌ಚೈನ್: ತೂಕ ತಾಳೆಯಾದ ಮೇಲೆ ಹಿಡಿದ ದಾರಿ

ಯಾವ ಕಾಫಿ ಯಾವ ತೋಟದ್ದೆಂದು ತೋರಿಸಲು ನಾವು ಬ್ಲಾಕ್‌ಚೈನ್ ಹಿಡಿದೆವು, ಅಂದರೆ ಒಮ್ಮೆ ಬರೆದದ್ದನ್ನು ಅಳಿಸಲಾಗದ, ಹಲವರ ಬಳಿ ಪ್ರತಿಯಿರುವ ಲೆಕ್ಕದ ಪುಸ್ತಕ. ಚೈನಿಗೆ ಸುಳ್ಳು ಹಾಕಿದರೆ ಅಳಿಸಲಾಗದ ಸುಳ್ಳಾಗುತ್ತದೆ, ಅಷ್ಟೇ ಎಂದು ನಕ್ಕವರ ಮಾತು ಸರಿಯೇ. ಅದಕ್ಕೇ ಚಿಕ್ಕಮಗಳೂರು ಕಡೆಯ ನಮ್ಮ ಬೆಳೆಗಾರರ ಗುಂಪಿನಲ್ಲಿ ತೂಕ ತಾಳೆಯಾಗದೆ ಯಾವ ಲಾಟೂ (ಒಂದು ನಂಬರಿನಡಿ ಬರುವ ಕಾಫಿ) ಚೈನಿಗೆ ಏರುವುದಿಲ್ಲ. ಅರೇಬಿಕಾ ಹಣ್ಣು 100 ಕೆಜಿಗೆ ಒಣ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ತೆಳು ಸಿಪ್ಪೆ ಉಳಿದಿರುವ ಬೀಜ) ಸುಮಾರು 20, ಕ್ಯೂರಿಂಗ್ (ಆ ಸಿಪ್ಪೆಯನ್ನೂ ತೆಗೆಯುವುದು) ಆಗಿ ಬಂದರೆ 16ರ ಆಸುಪಾಸು. 20 ಕ್ವಿಂಟಾಲ್ ಹಣ್ಣು ಬರೆಸಿದ ತೋಟದಿಂದ 50 ಕೆಜಿಯ 8 ಚೀಲ ಪಾರ್ಚ್‌ಮೆಂಟ್ ಬರಬೇಕು. 11 ಬಂದರೆ ಪಕ್ಕದ ತೋಟದ್ದೂ ಸೇರಿದೆ ಎಂದೇ ಅರ್ಥ. ತೇವಾಂಶ 10%ಕ್ಕಿಂತ ಹೆಚ್ಚಿದ್ದರೆ ಅದನ್ನು ಕಳೆದು ಲೆಕ್ಕ ಹಾಕುತ್ತೇವೆ. ಎಷ್ಟು ಹೆಚ್ಚುಕಡಿಮೆಗೆ ಬಿಡುತ್ತೇವೆಂದು ಹೇಳುವುದಿಲ್ಲ. ಹೇಳಿದರೆ ಬೆರಕೆ ಅಷ್ಟರೊಳಗೇ ನಡೆಯುತ್ತದೆ.

ಸಾರ್ವಜನಿಕ ಚೈನಿನಲ್ಲಿ ಶುಲ್ಕ ದಿನಕ್ಕೊಂದು ರೀತಿ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ಗೆ (ಒಪ್ಪಿಗೆ ಪಡೆದವರಷ್ಟೇ ಸೇರುವ ಖಾಸಗಿ ಚೈನ್) ಬಂದೆವು: ನೋಡ್, ಅಂದರೆ ಲೆಕ್ಕದ ಪ್ರತಿ ಇಡುವ ಕಂಪ್ಯೂಟರ್, ಒಂದು ಗುಂಪಿನದು, ಒಂದು ಕ್ಯೂರಿಂಗ್‌ನವರದು, ಒಂದು ರಫ್ತುದಾರರದು. ಮೂರೂ ಒಬ್ಬರ ಕೈಯಲ್ಲಿದ್ದರೆ ಅದಕ್ಕಿಂತ ಎಕ್ಸೆಲ್ ಅಗ್ಗ. ಸರ್ವರ್‌ಗಳಿಗೆ ತಿಂಗಳಿಗೆ ಆರೇಳು ಸಾವಿರ. ದಾಖಲೆ ಹೊರಗೆ, ಅದರ ಹ್ಯಾಶ್ (ದಾಖಲೆಯ ಬೆರಳಚ್ಚಿನಂಥ ಸಂಕೇತ, ಒಂದಕ್ಷರ ಬದಲಾದರೂ ಬೇರೆಯಾಗುತ್ತದೆ) ಮಾತ್ರ ಚೈನಿನಲ್ಲಿ.

ಹೆಚ್ಚು ತಲೆ ತಿಂದದ್ದು ಕನ್ನಡವೇ. ‘ತೋಟ’ದ ಓತ್ವವನ್ನು ಒಂದು ಫೋನ್ ಒಂದೇ ಕೋಡಾಗಿ, ಇನ್ನೊಂದು ಬಿಡಿಬಿಡಿಯಾಗಿ ಉಳಿಸುತ್ತದೆ. ಕಣ್ಣಿಗೆ ಒಂದೇ, ಹ್ಯಾಶ್ ಬೇರೆ. ಒಳ್ಳೆ ಲಾಟು ‘ತಿದ್ದಲಾಗಿದೆ’ ಎಂದು ಕೆಂಪಾಗುತ್ತಿತ್ತು. ಹ್ಯಾಶ್‌ಗೆ ಮುಂಚೆ ಯೂನಿಕೋಡ್ ನಾರ್ಮಲೈಸ್ ಮಾಡಿ (ಅಕ್ಷರಗಳ ಕೋಡನ್ನು ಒಂದೇ ರೂಪಕ್ಕೆ ತಂದು), ಅಕ್ಷರಗಳ ನಡುವೆ ಕೂರುವ ಕಾಣದ ಜಾಯ್ನರ್‌ಗಳನ್ನೂ ತೆಗೆಯಿರಿ. ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿಡಿ, 12.5 ಮತ್ತು 12.50ರ ಜಗಳ ಮುಗಿಯುತ್ತದೆ. ದೊಡ್ಡ ಕಂಪನಿಯವರೊಬ್ಬರು ಇದನ್ನೇ ತಿಂಗಳುಗಟ್ಟಲೆ ಹುಡುಕಿದ್ದರು, ನಮ್ಮ ಹುಡುಗರು ಒಂದು ವಾರದಲ್ಲಿ ಹಿಡಿದರು.

ಗೋಣಿಚೀಲಕ್ಕೆ ಅಂಟಿಸಿದ ಕ್ಯೂಆರ್ ಎರಡನೇ ಲೋಡಿಂಗ್‌ಗೇ ಕಿತ್ತು ಬರುತ್ತದೆ. ಬಟ್ಟೆಯ ಟ್ಯಾಗನ್ನು ಬಾಯಿಹೊಲಿಗೆಯಲ್ಲೇ ಸೇರಿಸಿ, ಒಂದಕ್ಕೆ ಮೂರು ರೂಪಾಯಿ. ಆದರೂ ಕ್ಯೂರಿಂಗ್‌ನಲ್ಲಿ ಚೀಲ ಸುರಿದ ಕ್ಷಣಕ್ಕೆ ಆ ಟ್ಯಾಗಿನ ಕೆಲಸ ಮುಗಿಯಿತು. ಸಣ್ಣ ಲಾಟನ್ನು ಅವರು ಒಂಟಿಯಾಗಿ ಓಡಿಸುವುದಿಲ್ಲ, ಬೇರೆ ತೋಟಗಳದ್ದರ ಜೊತೆ ಸೇರಿಸುತ್ತಾರೆ. ಹೊಸ ಲಾಟಿಗೆ ಹೊಸ ನಂಬರು ಕೊಟ್ಟು, ಸೇರಿದ ಏಳೆಂಟು ತೋಟಗಳನ್ನೂ ಅವುಗಳ ಪಾಲನ್ನೂ ಬರೆಯುತ್ತೇವೆ. ಒಂದೇ ತೋಟದ ಕಾಫಿ ಎಂದು ಬಣ್ಣ ಹಚ್ಚುವುದಿಲ್ಲ.

ಕಾಫಿ ಒಣಗಿಸುವ ಕಣದಲ್ಲಿ ಸೆನ್ಸರ್ ಹೂತು ನೋಡಿದೆವು. ಕಾಫಿ ಕೆದರುವಾಗ ಮೇಲೆ ಬಂದು ಬಿಸಿಲಿನ ಬಿಸಿಯನ್ನೇ ಅಳೆಯುತ್ತದೆ, ದುಡ್ಡು ದಂಡ.

ಕಾಡು ಕಡಿದ ಜಾಗದ ಬೆಳೆಯನ್ನು ತಡೆಯುವ ಯುರೋಪಿನ 2023/1115 ನಿಯಮಕ್ಕೆ ತೋಟದ ಸ್ಥಾನ (ಅಕ್ಷಾಂಶ, ರೇಖಾಂಶ) ಆರು ದಶಮಾಂಶದವರೆಗೆ ಬೇಕು, 4 ಹೆಕ್ಟೇರ್ ಮೀರಿದರೆ ಗಡಿಯೇ ಬೇಕು. ಕೊಳ್ಳುವವರು ಮೊದಲು ತೆರೆದು ನೋಡುವುದೂ ಅದನ್ನೇ. ಒಟ್ಟು ಖರ್ಚು ಕೆಜಿಗೆ ಎರಡು ರೂಪಾಯಿ ಒಳಗೆ ಬಿತ್ತು. ರೊಬಸ್ಟಾ ಚೆರಿಗೆ ಮಾತ್ರ ಮೇಲಿನ ಅನುಪಾತ ಹಾಕಬೇಡಿ. ಹಣ್ಣನ್ನು ಸಿಪ್ಪೆಸಮೇತ ಒಣಗಿಸುವುದರಿಂದ ಔಟ್‌ಟರ್ನ್ (ಒಣಗಿದ ಚೆರಿಯಲ್ಲಿ ಕೊನೆಗೆ ಸಿಗುವ ಬೀಜದ ಪಾಲು) ಅರ್ಧದ ಆಸುಪಾಸಿಗೇ ನಿಲ್ಲುತ್ತದೆ.