ಒಂದೇ ಡಿಸ್ಕ್‌ನಿಂದ ಅದೇ ಡಿಸ್ಕ್‌ಗೆ ವಿಂಡೋಸ್: ನನ್ನ ಅನುಭವ

"ಕೂತ ಕೊಂಬೆ ಕಡಿಯೋ ಕೆಲಸ ಇದು ಮಾರಾಯ, ಬೇಡ" ಅಂದಿದ್ದ ಗೆಳೆಯ. ಇನ್ನೊಬ್ಬ ಸುಮ್ನೆ ನಕ್ಕಿದ್ದ. ಹೊಸ ಲ್ಯಾಪ್‌ಟಾಪ್‌ನ ಡಿಸ್ಕ್‌ನ ಒಂದು ಮೂಲೆಯಲ್ಲಿ ವಿಂಡೋಸ್ ಸೆಟಪ್ ಇಟ್ಟು, ಅಲ್ಲಿಂದಲೇ ಬೂಟ್ ಮಾಡಿ (ಅಂದರೆ ಮಷೀನ್ ಶುರು ಮಾಡಿ), ಅದೇ ಡಿಸ್ಕ್‌ಗೆ ವಿಂಡೋಸ್ ಹಾಕ್ತೀನಿ ಅಂದಿದ್ದೆ, ಅದಕ್ಕೆ ಈ ಮಾತು. ಈಗ ಅದೇ ಲ್ಯಾಪ್‌ಟಾಪ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೊಂಬೆ ಗಟ್ಟಿಯಾಗಿಯೇ ಇದೆ.

ಓಎಸ್ (ವಿಂಡೋಸ್‌ನಂಥ ಮೂಲ ಸಾಫ್ಟ್‌ವೇರ್) ಇಲ್ಲದ ಲ್ಯಾಪ್‌ಟಾಪ್ ಯಾಕೆ ಕೊಂಡೆ ಅಂದರೆ, ಹಳೆ ಡೆಸ್ಕ್‌ಟಾಪ್‌ಗೆ ಅಂತ ಕೊಂಡಿದ್ದ ವಿಂಡೋಸ್ 10 ಕೀ, ಅಂದರೆ ಲೈಸೆನ್ಸ್ ಸಂಖ್ಯೆ, ನನ್ನ ಹತ್ತಿರ ಇತ್ತು. ರಿಟೇಲ್ ಕೀ. ಮಷೀನ್ ಜೊತೆಗೇ ಬರುವ ಓಇಎಂ ಕೀ ಆ ಮಷೀನ್‌ಗೇ ಅಂಟಿಕೊಂಡಿರುತ್ತೆ, ರಿಟೇಲ್ ಕೀಯನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. ಮತ್ತೆ ಇನ್ನೊಂದು ಸಲ ವಿಂಡೋಸ್‌ಗೆ ಯಾಕೆ ದುಡ್ಡು ಕೊಡಬೇಕು ಅಲ್ವಾ? ಹಾಗೆ ಉಳಿದ ದುಡ್ಡನ್ನು ಹತ್ತು ಪಾಲು ಅಂದುಕೊಳ್ಳಿ. ಅದರಲ್ಲಿ ಎಷ್ಟು ಸೋರಿಹೋಯಿತು ಅಂತ ಮುಂದೆ ಹೇಳ್ತೀನಿ.

ಬಾಕ್ಸ್ ಬಿಚ್ಚಿ ಆನ್ ಮಾಡಿದರೆ ಫ್ರೀಡಾಸ್, ಹೆಸರಿಗಷ್ಟೇ ಇರುವ ಪುಕ್ಕಟೆ ಓಎಸ್. ಕಪ್ಪು ಪರದೆ, ಮಿಣಮಿಣ ಕರ್ಸರ್. ಇದು ಗೊತ್ತಿದ್ದದ್ದೇ.

ಮೊದಲ ಏಟು ಪೆನ್‌ಡ್ರೈವ್‌ದು. ಮನೆಯಲ್ಲಿ ಇದ್ದದ್ದು ಹಳೆಯ 4 ಜಿಬಿಯದು ಒಂದೇ. ಹಾಕಬೇಕಿದ್ದ ವಿಂಡೋಸ್ 11ರ ಐಎಸ್ಓ (ಸೆಟಪ್ ಪೂರ್ತಿ ಇರುವ ಫೈಲ್) 5 ಜಿಬಿ ದಾಟುತ್ತೆ, ಅದರಲ್ಲಿ ಹಿಡಿಸಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ 64 ಜಿಬಿಯದು ಒಂದು ಕೊಂಡೆ. ಬೂಟ್ ಮಾಡಿದರೆ ಒಮ್ಮೆ ಲೋಗೋ ಬಂದು ಅಲ್ಲೇ ನಿಲ್ಲುತ್ತೆ, ಇನ್ನೊಮ್ಮೆ ಫೈಲ್ ಓದಲು ಆಗುತ್ತಿಲ್ಲ ಅನ್ನುತ್ತೆ. ಐಎಸ್ಓ ಕೆಟ್ಟಿರಬೇಕು ಅಂತ ಎರಡು ಸಲ ಡೌನ್‌ಲೋಡ್ ಮಾಡಿದೆ. ಎರಡು ಸಲವೂ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಸರಿಯಾಗೇ ಬಂತು. ಕೊನೆಗೆ ನಕಲಿ ಪೆನ್‌ಡ್ರೈವ್ ಪತ್ತೆ ಮಾಡುವ ಎಫ್3 ಅನ್ನೋ ಪ್ರೋಗ್ರಾಂ ಓಡಿಸಿ ನೋಡಿದರೆ ಆ ಪೆನ್‌ಡ್ರೈವ್‌ನ ನಿಜವಾದ ಜಾಗ ಮೂರೂವರೆ ಜಿಬಿ ಚಿಲ್ಲರೆ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗ್ತಿತ್ತು, ಆದರೂ ಕಾಪಿ ಆಯ್ತು ಅಂತಲೇ ತೋರಿಸುತ್ತಿತ್ತು. ಒಂದು ಪಾಲು ಅಲ್ಲಿಗೆ ಹೋಯಿತು.

ತಾಳ್ಮೆಗೆಟ್ಟು ರಿಪೇರಿಯವರೊಬ್ಬರನ್ನು ಕರೆಸಿದೆ. ತಮ್ಮದೇ ಪೆನ್‌ಡ್ರೈವ್ ತಂದಿದ್ದರು, ಸೆಟಪ್ ಚೆನ್ನಾಗಿಯೇ ಶುರುವಾಯಿತು. ಆದರೆ ಎಲ್ಲಿ ಹಾಕಬೇಕು ಅಂತ ಕೇಳುವ ಪರದೆಯಲ್ಲಿ ಡಿಸ್ಕ್ ಪಟ್ಟಿ ಖಾಲಿ. ಎರಡು ಗಂಟೆ ಗುದ್ದಾಡಿ, "ಡಿಸ್ಕ್ ಹೋಗಿದೆ ಸರ್, ವಾಪಸ್ ಕೊಟ್ಟುಬಿಡಿ" ಅಂದು ಒಂದೂವರೆ ಪಾಲು ಇಸ್ಕೊಂಡು ಹೋದರು. ನನಗೆ ಅನುಮಾನ. ಆ ರಾತ್ರಿಯೇ 4 ಜಿಬಿ ಪೆನ್‌ಡ್ರೈವ್‌ಗೆ ಡೆಬಿಯನ್ 12 ಲೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಓಎಸ್) ಬರೆದು ಹಾಕಿದೆ. ಡಿಸ್ಕ್ ಕಂಡಿತು. ಪೂರ್ತಿ 512 ಜಿಬಿ, ಆರೋಗ್ಯವಾಗಿ. ವೈಫೈ ಕೂಡ ಹತ್ತಿತು. 12ರಿಂದ ಡೆಬಿಯನ್‌ನವರು ವೈಫೈ ಥರದ ಭಾಗಗಳಿಗೆ ಬೇಕಾದ ಫರ್ಮ್‌ವೇರ್ ಫೈಲ್‌ಗಳನ್ನು ಐಎಸ್ಓದಲ್ಲೇ ಸೇರಿಸಿದ್ದಾರೆ, ಮೊದಲಿನ ಪರದಾಟ ಇಲ್ಲ.

ಇಲ್ಲಿ ಇನ್ನೊಂದು ಒಳ್ಳೆ ಪೆನ್‌ಡ್ರೈವ್ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಹಟ ಅನ್ನಿ, ಜುಗ್ಗತನ ಅನ್ನಿ. ಲಿನಕ್ಸ್‌ಗೆ ಡಿಸ್ಕ್ ಕಾಣ್ತಿದೆ, ಯುಇಎಫ್‌ಐಗೆ (ಮಷೀನ್ ಆನ್ ಆದಾಗ ಮೊದಲು ಓಡಿ ಓಎಸ್ ಹುಡುಕುವ ಒಳಗಿನ ಪ್ರೋಗ್ರಾಂ) ಬೇಕಾಗಿರೋದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಒಂದು ಪಾರ್ಟಿಷನ್ (ಡಿಸ್ಕ್‌ನ ಭಾಗ), ಅದರಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೈಲ್. ಅದು ಪೆನ್‌ಡ್ರೈವ್‌ನಲ್ಲೇ ಇರಬೇಕು ಅಂತ ಯಾರು ಹೇಳಿದ್ದು?

ಲೈವ್‌ನಲ್ಲೇ ಕೂತು ಡಿಸ್ಕ್‌ಗೆ ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ) ಮಾಡಿದೆ. ಮುಂದುಗಡೆ ಸೆಟಪ್‌ಗೆ 8 ಜಿಬಿ ಫ್ಯಾಟ್32, ಆಮೇಲೆ ಬೂಟ್ ಫೈಲ್‌ಗಳಿಗೆ ಮಾಮೂಲಿ ಇಎಫ್‌ಐ ಪಾರ್ಟಿಷನ್ 500 ಎಂಬಿ, ವಿಂಡೋಸ್‌ಗೆ ಸುಮಾರು 150 ಜಿಬಿ ಖಾಲಿ ಜಾಗ, ಮಿಕ್ಕದ್ದು ಲಿನಕ್ಸ್‌ಗೆ. ಮೊದಲು ಡೆಬಿಯನ್ ಹಾಕಿಕೊಂಡೆ. ಲಿನಕ್ಸ್ ಮೊದಲು, ವಿಂಡೋಸ್ ಆಮೇಲೆ ಅಂದರೆ ಎಲ್ಲರೂ ಬಯ್ತಾರೆ ಗೊತ್ತು. ಯುಇಎಫ್‌ಐ ಮಷೀನ್‌ನಲ್ಲಿ ಅದು ಅಂಥ ಅಪರಾಧ ಅಲ್ಲ. ಬೂಟ್ ಸರದಿ ಬದಲಾಗುತ್ತೆ, ಅಷ್ಟೆ.

ಐಎಸ್ಓದ ಒಳಗಿರೋದನ್ನೆಲ್ಲ ಆ 8 ಜಿಬಿಗೆ ಸುರಿದೆ, ವಿಂಡೋಸ್‌ನ ಫೈಲ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟಿರುವ ಇನ್‌ಸ್ಟಾಲ್.ವಿಮ್ ಒಂದನ್ನು ಬಿಟ್ಟು. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಅದು 4 ದಾಟಿತ್ತು. ವಿಮ್‌ಲಿಬ್ ಅನ್ನೋ ಪ್ರೋಗ್ರಾಂನಲ್ಲಿ 3,800 ಎಂಬಿ ಲೆಕ್ಕದಲ್ಲಿ ಎರಡು ತುಂಡು ಮಾಡಿದೆ. ಹೆಸರು ಎಸ್‌ಡಬ್ಲ್ಯುಎಂ ಅಂತ ಇದ್ದರೆ ಸೆಟಪ್ ತಾನೇ ಗುರುತು ಹಿಡಿದು ಜೋಡಿಸಿಕೊಳ್ಳುತ್ತೆ. ಇಷ್ಟಕ್ಕೆಲ್ಲ ಹತ್ತು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ರೀಬೂಟ್. ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಲಿನಕ್ಸ್‌ನ ಮೆನು ಗ್ರಬ್‌ನಲ್ಲಿ ನಾನೇ ಸೇರಿಸಿದ್ದ ಸಾಲು ಒತ್ತಿದೆ. ವಿಂಡೋಸ್ ಸೆಟಪ್ ಬಂತು! ಭಾಷೆ ಕೇಳಿತು, ಕೀಬೋರ್ಡ್ ಕೇಳಿತು. ಆಮೇಲೆ ಒಂದು ಪುಟ್ಟ ಡಬ್ಬಿ: ನಿಮ್ಮ ಕಂಪ್ಯೂಟರ್‌ಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ, ಸಿಡಿಯೋ ಡಿವಿಡಿಯೋ ಯುಎಸ್‌ಬಿಯೋ ಇದ್ದರೆ ಹಾಕಿ.

ಗೆಳೆಯನಿಗೆ ಫೋನ್ ಮಾಡಿದೆ. "ಹೇಳಿದ್ನಲ್ಲ" ಅಂದ. ಖುಷಿಯಾಗಿತ್ತು ಅವನಿಗೆ.

ಆ ಸಂದೇಶ ಎಷ್ಟು ಜನರ ದಾರಿ ತಪ್ಪಿಸಿದೆಯೋ. ಸಿಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ರಾತ್ರಿ ಯೋಚಿಸಿದ ಮೇಲೆ ಹೊಳೆಯಿತು. ಸೆಟಪ್‌ನ ಮೊದಲ ಭಾಗವನ್ನು ಯುಇಎಫ್‌ಐಯೇ ಡಿಸ್ಕ್‌ನಿಂದ ರ‍್ಯಾಮ್‌ಗೆ ಎತ್ತಿಕೊಡುತ್ತೆ. ಆಮೇಲೆ ಸೆಟಪ್ ತನ್ನ ಕಣ್ಣಿಂದ ಡಿಸ್ಕ್ ಹುಡುಕುತ್ತೆ. ಅದಕ್ಕೆ ಕಾಣಲ್ಲ. ತಾನು ಹೊರಟ ಮನೆಯೇ ಅದಕ್ಕೆ ಸಿಗ್ತಿಲ್ಲ! ರಿಪೇರಿಯವರಿಗೆ ಪಟ್ಟಿ ಖಾಲಿ ಕಂಡದ್ದೂ ಇದೇ ಕಾರಣಕ್ಕೆ. ಬಯೋಸ್‌ನಲ್ಲಿ (ಯುಇಎಫ್‌ಐ ಸೆಟ್ಟಿಂಗ್ ಪರದೆಗೆ ಹಳೆ ಹೆಸರು) ಇಂಟೆಲ್‌ನ ವಿಎಂಡಿ ಆನ್ ಇತ್ತು. ಅದು ಆನ್ ಇದ್ದರೆ ಅದರದೇ ಡ್ರೈವರ್ ಇಲ್ಲದೆ ಡಿಸ್ಕ್ ಕಾಣಲ್ಲ. ಇಂಟೆಲ್ ಪ್ರೊಸೆಸರ್‌ನ 11ನೇ ಪೀಳಿಗೆಯಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕತೆ. ಲಿನಕ್ಸ್ ಕರ್ನಲ್‌ನಲ್ಲಿ ವಿಎಂಡಿ ಡ್ರೈವರ್ ಇದೆ, ನಾನು ಇಳಿಸಿದ್ದ ವಿಂಡೋಸ್ ಸೆಟಪ್‌ನಲ್ಲಿ ಇರಲಿಲ್ಲ. ಡ್ರೈವರನ್ನು 4 ಜಿಬಿ ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದು. ನಾನು ಸುಮ್ನೆ ವಿಎಂಡಿ ಆಫ್ ಮಾಡಿದೆ. ನನ್ನ ಬಯೋಸ್‌ನಲ್ಲಿ ಆ ಸಾಲು ಮೊದಲು ಕಾಣುತ್ತಲೇ ಇರಲಿಲ್ಲ. ಅದನ್ನು ಹೊರಗೆ ಬರಿಸೋಕೆ ಒಂದು ಕೀ ಒತ್ತಬೇಕಿತ್ತು. ಯಾವುದು ಅಂತ ಇಲ್ಲಿ ಹೇಳಲ್ಲ, ನಾನು ಅದಕ್ಕೆ ಅರ್ಧ ದಿನ ಕೊಟ್ಟಿದ್ದೇನೆ, ನೀವೂ ಸ್ವಲ್ಪ ಹುಡುಕಿ.

ಈ ಸಲ ಡಿಸ್ಕ್ ಪೂರ್ತಿ ಕಂಡಿತು. 150 ಜಿಬಿ ಖಾಲಿ ಜಾಗ ಆರಿಸಿದೆ. ಫೈಲ್ ಬಿಚ್ಚೋದು ಪೆನ್‌ಡ್ರೈವ್‌ನಲ್ಲಿ ಇಪ್ಪತ್ತು ನಿಮಿಷ ಹಿಡಿಯೋದು, ಇಲ್ಲಿ ನಾಲ್ಕೈದರಲ್ಲಿ ಮುಗಿಯಿತು. ಸೆಟಪ್‌ಗೆ ವೈಫೈ ಗೊತ್ತಾಗಲಿಲ್ಲ, ನೆಟ್ ಇಲ್ಲದೆ ಮುಂದೆ ಹೋಗಲ್ಲ ಅಂತು. ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್‌ನಲ್ಲಿ ಅದರ ನೆಟ್ ಕೊಟ್ಟೆ. ಹಳೆ ಡೆಸ್ಕ್‌ಟಾಪ್‌ನಿಂದ ಕೀ ಮೊದಲೇ ತೆಗೆದಿದ್ದೆ, 10ರದ್ದಾದರೂ ವಿಂಡೋಸ್ 11 ಅದನ್ನು ಒಪ್ಪಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹತ್ತು ಹದಿನೈದು ದಿನ ಆದ ಮೇಲೆ ಆ 8 ಜಿಬಿ ಯಾಕೆ ದಂಡ ಅಂತ ಅಳಿಸಿಬಿಟ್ಟೆ. ಮಾರನೇ ದಿನ ವಿಂಡೋಸ್ ಮಾಯ. ಆಗಿದ್ದೇನು ಅಂದರೆ, ಸೆಟಪ್ ಪಾರ್ಟಿಷನ್‌ಗೆ ನಾನು ಇಎಫ್‌ಐ ಅಂತ ಗುರುತು ಹಾಕಿದ್ದೆ, ಅದೂ ಡಿಸ್ಕ್‌ನ ಮುಂದುಗಡೆ. ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಮೊದಲು ಕಂಡ ಅದರಲ್ಲೇ ಇಟ್ಟಿತ್ತು. ಈಗ ಕೊಂಬೆ ಕಡಿದೇ ಬಿಟ್ಟೆ ಅಲ್ವಾ! ಪುಣ್ಯಕ್ಕೆ ಲಿನಕ್ಸ್ ಜೀವಂತ ಇತ್ತು. ಮತ್ತೆ ಸೆಟಪ್ ಪಾರ್ಟಿಷನ್ ಮಾಡಿದೆ, ಈ ಸಲ ಡಿಸ್ಕ್‌ನ ಬಾಲದಲ್ಲಿ, ಸಾಮಾನ್ಯ ಡೇಟಾ ಅನ್ನೋ ಗುರುತಿನಲ್ಲಿ. ಅದರಿಂದ ಬೂಟ್ ಮಾಡಿ, ಬಿಸಿಡಿಬೂಟ್ ಅನ್ನೋ ವಿಂಡೋಸ್ ಕಮಾಂಡ್‌ನಲ್ಲಿ ಸರಿಯಾದ ಇಎಫ್‌ಐ ಪಾರ್ಟಿಷನ್‌ಗೆ ಬೂಟ್ ಫೈಲ್ ಬರೆಸಿದೆ. ಫೈಲ್ ಒಂದೂ ಹೋಗಲಿಲ್ಲ.

ಅದು ಕೈಗೆ ಹತ್ತಿದ ಮೇಲೆ ತಲೆಹರಟೆ ಜಾಸ್ತಿ ಆಯ್ತು. ಸೆಟಪ್ಪೇ ಬೇಡ ಅಂತ ಲಿನಕ್ಸ್‌ನಿಂದಲೇ ವಿಮ್‌ಲಿಬ್‌ನಲ್ಲಿ ಇನ್‌ಸ್ಟಾಲ್.ವಿಮ್ ಅನ್ನು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಇನ್ನೊಂದು ಪಾರ್ಟಿಷನ್‌ಗೆ ನೇರ ಬಿಚ್ಚಿ ನೋಡಿದೆ. ಫೈಲ್ ಎಲ್ಲ ಸರಿಯಾಗಿ ಇಳಿಯಿತು. ಆದರೆ ಬಿಸಿಡಿಬೂಟ್ ಲಿನಕ್ಸ್‌ನಲ್ಲಿ ಓಡಲ್ಲ, ಮತ್ತೆ ಸೆಟಪ್‌ನ ಕಮಾಂಡ್ ಪರದೆಗೇ ಬರಬೇಕಾಯಿತು. ಅರ್ಧ ಗೆಲುವು. ಇನ್ನೊಂದು ದಿನ ವಿಂಡೋಸ್ ಇರುವಾಗಲೇ ವಿಎಂಡಿ ವಾಪಸ್ ಆನ್ ಮಾಡಿದೆ, ಏನಾಗುತ್ತೆ ನೋಡೋಣ ಅಂತ. ನೀಲಿ ಪರದೆ. ಆಫ್ ಮಾಡಿದೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಬಂತು. ಡಿಸ್ಕ್ ಬದಲು ನೆಟ್‌ವರ್ಕ್‌ನಿಂದ ಬೂಟ್ ಕೂಡ ಒಂದು ಭಾನುವಾರ ಮಾಡಿ ನೋಡಿದೆ. ಮೆನು ಬಂತು, ಅದರಾಚೆ ಹೋಗಲಿಲ್ಲ, ಬಿಟ್ಟೆ.

ಲೆಕ್ಕಕ್ಕೆ ಬರ್ತೀನಿ. ಹತ್ತು ಪಾಲಲ್ಲಿ ನಕಲಿ ಪೆನ್‌ಡ್ರೈವ್‌ಗೆ ಒಂದು, ರಿಪೇರಿಗೆ ಒಂದೂವರೆ. ಎರಡು ಸಲ ಐಎಸ್ಓ ಇಳಿಸಿದ ಡೇಟಾ ಬಿಟ್ಟುಬಿಡಿ. ಏಳೂವರೆ ಉಳಿಯಿತು, ಅದರಲ್ಲಿ ಆರಕ್ಕೆ 8 ಜಿಬಿ ರ‍್ಯಾಮ್ ಇನ್ನೊಂದು ಹಾಕಿಸಿದೆ. ಕಳೆದ ಎಂಟು ರಾತ್ರಿಗೆ ಬೆಲೆ ಕಟ್ಟಿಲ್ಲ.

ಬಾಲದ ಆ 8 ಜಿಬಿಯನ್ನು ಈ ಸಲ ಅಳಿಸಿಲ್ಲ. ಕೊಂಬೆ ಮಾತಾಡಿದ್ದ ಗೆಳೆಯ ಕಳೆದ ವಾರ ಫೋನ್ ಮಾಡಿದ್ದ. ಅಕ್ಕನ ಮಗನಿಗೆ ಅಂತ ಓಎಸ್ ಇಲ್ಲದ ಲ್ಯಾಪ್‌ಟಾಪ್ ಕೊಂಡಿದ್ದಾನೆ. "ಯಾಕೋ ಡಿಸ್ಕ್ ಪಟ್ಟಿ ಖಾಲಿ ಬರ್ತಿದೆ" ಅಂದ. ಬಯೋಸ್‌ನಲ್ಲಿ ಯಾವ ಕೀ ಒತ್ತಬೇಕು ಅಂತ ಅವನಿಗೆ ಮಾತ್ರ ಹೇಳಿದೆ.